ಚಂಡಮಾರುತದ ಬೆನ್ನಿಗೆ ಕಡಲಯಾನ: ಹೋಗುವುದೋ, ನಿಲ್ಲುವುದೋ?

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಮಣ್ಣಿನಲ್ಲಿ ಹುಟ್ಟಿ ಬೆಳೆದ ನಮಗೆ ಸಮುದ್ರವೆಂಬುದು ಬಹುಕಾಲ ಶಾಲೆಯ ಗೋಡೆಗೆ ತೂಗುಹಾಕಿದ ಭೂಪಟದ ನೀಲಿ ಬಣ್ಣವಾಗಿಯೇ ಉಳಿದಿತ್ತು. ನಮ್ಮ ಕಣ್ಣಿಗೆ ದಿನವೂ ಬೀಳುತ್ತಿದ್ದದ್ದು ಕಲ್ಲು. ಸುಮಾರು 3,900 ಅಡಿ ಎತ್ತರದ ಮಧುಗಿರಿಯ ಏಕಶಿಲಾ ಬೆಟ್ಟವನ್ನು ನೋಡುತ್ತ ಬೆಳೆದ ಹುಡುಗನಿಗೆ ‘ಅಲೆ’ ಎಂದರೇನೆಂದು ವಿವರಿಸುವುದು ಎಷ್ಟು ಕಷ್ಟವೆಂಬುದನ್ನು ಮೂವತ್ತೈದು ವರ್ಷ ಭೂಗೋಳ ಪಾಠ ಹೇಳಿದ ನಾನು ಬಲ್ಲೆ. ನನ್ನ ತರಗತಿಯಲ್ಲಿ ಕುಳಿತಿದ್ದ ನಿಮ್ಮಲ್ಲಿ ಕೆಲವರಿಗಾದರೂ ಅದು ನೆನಪಿರಬಹುದು.

ಆದರೂ ಸಮುದ್ರಕ್ಕೂ ನಮಗೂ ಒಂದು ನಂಟಿತ್ತು. ಅದು ಆಕಾಶವಾಣಿಯ ಮೂಲಕ ಬರುತ್ತಿತ್ತು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಉಂಟಾಗಿದೆ ಎಂಬ ಮಾತು ರಾತ್ರಿಯ ವಾರ್ತೆಯಲ್ಲಿ ಕೇಳಿಬಂದರೆ ಜಗುಲಿಯ ಮೇಲೆ ಕುಳಿತ ಹಿರಿಯರ ಮುಖ ಅರಳುತ್ತಿತ್ತು. ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿರುವ ನಮ್ಮ ಸೀಮೆಗೆ ಮುಂಗಾರು ಕೈಕೊಡುವುದೇ ಹೆಚ್ಚು. ವರ್ಷಕ್ಕೆ ಐನೂರು, ಆರುನೂರು ಮಿಲಿಮೀಟರ್ ಮಳೆಯಾದರೆ ಅದೇ ಒಳ್ಳೆಯ ವರ್ಷ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆ, ಅದರ ಹಿಂದೆಯೇ ಪೂರ್ವದ ಕಡಲಿನಿಂದ ಬರುವ ಗಾಳಿಮಳೆ, ಇವು ಬಂದರೆ ಸಿರಾದ ಕೆರೆಗೆ ನೀರು, ಕಗ್ಗಲಡುವಿನ ಹುಣಸೆಮರಗಳಿಗೆ ಕೊಕ್ಕರೆ, ಪಾವಗಡದ ಕಡಲೆಕಾಯಿ ಹೊಲಕ್ಕೆ ತೇವ. ಬಾರದಿದ್ದರೆ ಬರ.

ಆ ವಾಯುಭಾರ ಕುಸಿತ ಕರಾವಳಿಯವರಿಗೆ ಏನನ್ನು ತರುತ್ತದೆ ಎಂಬುದು ನಮಗೆ ತಿಳಿದದ್ದು ತಡವಾಗಿ. 1977ರ ನವೆಂಬರ್ 19ರಂದು ಆಂಧ್ರದ ದಿವಿಸೀಮೆಗೆ ಚಂಡಮಾರುತ ಅಪ್ಪಳಿಸಿದಾಗ ನಾನು ಪಾವಗಡದ ಪ್ರೌಢಶಾಲೆಯೊಂದರಲ್ಲಿ ಅಧ್ಯಾಪಕನಾಗಿದ್ದೆ. ಮೂರು ಕಡೆ ಆಂಧ್ರಪ್ರದೇಶ ಸುತ್ತುವರಿದ ಆ ತಾಲ್ಲೂಕಿನಲ್ಲಿ ತೆಲುಗಿನ ಪತ್ರಿಕೆಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಹತ್ತು ಸಾವಿರಕ್ಕೂ ಹೆಚ್ಚು ಜನರು ಮಡಿದರೆಂಬ ಸುದ್ದಿಯನ್ನು ಓದಿದ ಹುಡುಗರು ಮನೆಮನೆಯಿಂದ ರಾಗಿ, ಹಳೆಯ ಬಟ್ಟೆ, ಚಿಲ್ಲರೆ ಕಾಸು ಸಂಗ್ರಹಿಸಿ ತಂದರು. ನಮ್ಮ ಕೆರೆಯನ್ನು ತುಂಬಿಸುವ ಗಾಳಿಯೇ ಇನ್ನೊಬ್ಬರ ಮನೆಯನ್ನು ಕೊಚ್ಚಿಕೊಂಡು ಹೋಗುತ್ತದೆಂಬ ಪಾಠವನ್ನು ಅಂದು ಪುಸ್ತಕದಿಂದ ಹೇಳಬೇಕಾಗಿ ಬರಲಿಲ್ಲ.

ಇಷ್ಟು ಪೀಠಿಕೆ ಏಕೆಂದರೆ, ಹಾಗೆ ಗಾಳಿಗೆ ಸಿಕ್ಕಿದ ನಾಡಿಗೆ ವಿಹಾರಕ್ಕೆಂದು ಹೋಗಬಹುದೇ ಎಂಬ ಪ್ರಶ್ನೆ ಮುಂದೆ ನಲವತ್ತು ವರ್ಷಗಳ ನಂತರ ನಮ್ಮ ಮನೆಯಲ್ಲೇ ಎದ್ದಿತು. ಈಗ ಹಲವು ಹಳೆಯ ವಿದ್ಯಾರ್ಥಿಗಳು ದೇಶವಿದೇಶಗಳಲ್ಲಿ ಹಡಗಿನ ಪ್ರವಾಸ, ದ್ವೀಪಗಳ ಪ್ರವಾಸ ಎಂದು ಹೊರಡುತ್ತಾರೆ. ಹೊರಡುವ ಮುನ್ನ ಅಲ್ಲಿ ಬಿರುಗಾಳಿಯೆದ್ದರೆ ಏನು ಮಾಡಬೇಕೆಂದು ಒಬ್ಬಿಬ್ಬರು ನನ್ನನ್ನು ಕೇಳಿದ್ದೂ ಉಂಟು. ಅಟ್ಲಾಂಟಿಕ್‌ನಲ್ಲಿ ಹರಿಕೇನ್, ಪಶ್ಚಿಮ ಪೆಸಿಫಿಕ್‌ನಲ್ಲಿ ಟೈಫೂನ್, ನಮ್ಮಲ್ಲಿ ಸೈಕ್ಲೋನ್ ಅಥವಾ ಚಂಡಮಾರುತ. ಹೆಸರು ಬೇರೆ, ಗಾಳಿ ಒಂದೇ. ಪ್ರಶ್ನೆಯೂ ಒಂದೇ. ಆದ್ದರಿಂದ ನಮ್ಮ ಮನೆಯಲ್ಲಿ ನಡೆದದ್ದನ್ನು ಬರೆದಿಡುತ್ತೇನೆ.

ನನ್ನ ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಕೊರಟಗೆರೆ ತಾಲ್ಲೂಕಿನಲ್ಲಿ ಜಯಮಂಗಲಿ ನದಿಯ ಆಸುಪಾಸಿನ ಹಳ್ಳಿಯೊಂದಕ್ಕೆ ಮದುವೆಯಾಗಿ ಹೋದವಳು. ಬಾವನವರು ತೀರಿಕೊಂಡ ಮೇಲೂ ತೋಟ, ಹೊಲ, ಹಸು ಬಿಟ್ಟು ಬಂದವಳಲ್ಲ. ಅವಳು ಕಂಡಿದ್ದ ದೊಡ್ಡ ನೀರೆಂದರೆ ಗೊರವನಹಳ್ಳಿಯ ಬಳಿಯ ತೀತಾ ಜಲಾಶಯ. ಅದು ತುಂಬಿ ಕೋಡಿ ಹರಿದ ವರ್ಷ ಮಕ್ಕಳನ್ನೆಲ್ಲ ಕರೆದುಕೊಂಡು ಹೋಗಿ ತೋರಿಸಿದ್ದಳು. ರೇಡಿಯೊದಲ್ಲಿ ಕೊಲ್ಲಿಯ ಹೆಸರು ಕೇಳಿದಾಗಲೆಲ್ಲ ಅವಳದು ಒಂದೇ ಮಾತು: “ನಮಗೆ ಮಳೆ ಕಳಿಸೋ ಆ ನೀರನ್ನ ಒಂದ್ಸಲ ನೋಡ್ಬೇಕು ಕಣೋ. ಹಡಗಲ್ಲಿ ಕೂತು ನೋಡ್ಬೇಕು.” ಧರ್ಮಸ್ಥಳ, ಸುಬ್ರಹ್ಮಣ್ಯಗಳವರೆಗೆ ಹೋಗಿದ್ದಳು, ಅಲ್ಲಿಂದ ಕಡಲು ದೂರವಿಲ್ಲದಿದ್ದರೂ ಪ್ರತಿ ಸಲವೂ ಹಸು ಕರೆಯುವವರಿಲ್ಲವೆಂದು ಹಿಂದಿರುಗಿದ್ದಳು.

2017ರಲ್ಲಿ ಅವಳಿಗೆ ಎಪ್ಪತ್ತಾರು ತುಂಬಿತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಮಗ ಆ ವರ್ಷದ ಗಣೇಶನ ಹಬ್ಬಕ್ಕೆ ಊರಿಗೆ ಬಂದಾಗ ಅತ್ತೆಯ ಆಸೆಯನ್ನು ಈ ಬಾರಿ ತೀರಿಸಿಯೇ ಬಿಡೋಣವೆಂದ. ಲಕ್ಷದ್ವೀಪದ ಆಡಳಿತದವರು ನಡೆಸುತ್ತಿದ್ದ ‘ಸಮುದ್ರಂ’ ಎಂಬ ಹಡಗು ಪ್ರವಾಸವಿತ್ತು. ಕೊಚ್ಚಿಯಲ್ಲಿ ‘ಎಂ.ವಿ. ಕವರತ್ತಿ’ ಹಡಗನ್ನು ಹತ್ತಿದರೆ ಐದು ದಿನಗಳಲ್ಲಿ ಕವರತ್ತಿ, ಕಲ್ಪೇನಿ, ಮಿನಿಕಾಯ್ ಈ ಮೂರು ದ್ವೀಪಗಳನ್ನು ತೋರಿಸಿ ಹಿಂದಕ್ಕೆ ತರುತ್ತಿದ್ದರು. ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ. ನಾನು, ನನ್ನ ಪತ್ನಿ, ಅಕ್ಕ, ಮಗ, ಸೊಸೆ, ಮೊಮ್ಮಗ ಎಂದು ಆರು ಜನರಿಗೆ ಡಿಸೆಂಬರ್ ಕೊನೆಯ ವಾರಕ್ಕೆ ಸ್ಥಳ ಕಾದಿರಿಸಲಾಯಿತು. ಅಕ್ಕ ಹಸುಗಳನ್ನು ನೋಡಿಕೊಳ್ಳಲು ಆಳನ್ನು ಗೊತ್ತುಮಾಡಿದಳು. ಹೊಸ ಸ್ವೆಟರ್ ಕೊಂಡಳು. ಹಡಗಿನಲ್ಲಿ ಚಳಿಯಿರುತ್ತದೆಂದು ಯಾರೋ ಹೇಳಿದ್ದರಂತೆ!

ಭೂಗೋಳದ ಮೇಷ್ಟರಾದ ನಾನು ಲಕ್ಷದ್ವೀಪದ ಬಗ್ಗೆ ಓದಲು ಕುಳಿತೆ. ಅದರ ಎಲ್ಲ ದ್ವೀಪಗಳ ನೆಲವನ್ನು ಕೂಡಿಸಿದರೂ 32 ಚದರ ಕಿಲೋಮೀಟರ್. ನಮ್ಮ ಪಾವಗಡದ ತಿರುಮಣಿಯ ಸೌರ ವಿದ್ಯುತ್ ಪಾರ್ಕ್ ಒಂದೇ 13,000 ಎಕರೆ, ಅಂದರೆ 52 ಚದರ ಕಿಲೋಮೀಟರಿಗೂ ಹೆಚ್ಚು! ಅಷ್ಟು ಕಿರಿದಾದ ನೆಲದಲ್ಲಿ ಹತ್ತು ದ್ವೀಪಗಳಲ್ಲಿ ಜನವಸತಿ. 2011ರ ಜನಗಣತಿಯಂತೆ 64 ಸಾವಿರಕ್ಕೂ ಹೆಚ್ಚು ಜನ. ನೆಲ ಸಮುದ್ರಮಟ್ಟಕ್ಕಿಂತ ಒಂದೆರಡು ಮೀಟರ್ ಎತ್ತರ ಅಷ್ಟೇ. ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. 1956ರ ನವೆಂಬರ್ 1ರಂದು ನಮ್ಮ ರಾಜ್ಯ ಒಂದುಗೂಡಿದ ದಿನವೇ ಆ ದ್ವೀಪಗಳು ಕೇಂದ್ರಾಡಳಿತ ಪ್ರದೇಶವಾದವು. 1973ರ ನವೆಂಬರ್ 1ರಂದು ಮೈಸೂರು ‘ಕರ್ನಾಟಕ’ವಾದ ದಿನವೇ ಅವಕ್ಕೂ ‘ಲಕ್ಷದ್ವೀಪ’ವೆಂಬ ಹೆಸರು ಬಂತು. ಅದಕ್ಕೂ ಮೊದಲು ಅವುಗಳಲ್ಲಿನ ಅಮಿನಿದಿವಿ ಗುಂಪು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಮಂಗಳೂರಿನ ಹಳೆಯ ಬಂದರಿನಿಂದ ತರಕಾರಿ, ದಿನಸಿ, ಕಟ್ಟಡದ ಸಾಮಗ್ರಿಗಳು ಅಲ್ಲಿಗೆ ಹೋಗುವ ರೂಢಿ ಹಳೆಯದು. ಅಂತೂ ಅವರು ನಮಗೆ ತೀರ ಹೊರಗಿನವರಲ್ಲ, ದೂರದ ನೆಂಟರು.

ಅಷ್ಟರಲ್ಲಿ ‘ಓಖಿ’ ಬಂತು.

ಆ ಹೆಸರನ್ನು ಕೊಟ್ಟದ್ದು ಬಾಂಗ್ಲಾದೇಶ. ಬಂಗಾಳಿಯಲ್ಲಿ ‘ಕಣ್ಣು’ ಎಂದರ್ಥವಂತೆ. 2017ರ ನವೆಂಬರ್ 29ರ ಹೊತ್ತಿಗೆ ಶ್ರೀಲಂಕೆಯ ಬಳಿ ಹುಟ್ಟಿದ ವಾಯುಭಾರ ಕುಸಿತ ಮರುದಿನವೇ ಕನ್ಯಾಕುಮಾರಿಯ ದಕ್ಷಿಣದ ಕಡಲಿನಲ್ಲಿ ಚಂಡಮಾರುತವಾಯಿತು. ಸಾಮಾನ್ಯವಾಗಿ ಇಂಥ ಗಾಳಿಗಳು ಬಲಗೊಳ್ಳಲು ಕೆಲವು ದಿನ ತೆಗೆದುಕೊಳ್ಳುತ್ತವೆ. ಕರಾವಳಿಯವರಿಗೆ ದೋಣಿ ದಡಕ್ಕೆಳೆಯಲು ಅಷ್ಟು ಬಿಡುವು ಸಿಗುತ್ತದೆ. ಇದು ಆ ಬಿಡುವು ಕೊಡಲಿಲ್ಲ. ಎಚ್ಚರಿಕೆ ಕಿವಿಗೆ ಬೀಳುವ ಮೊದಲೇ ಕಡಲಿಗೆ ಇಳಿದಿದ್ದ ಕನ್ಯಾಕುಮಾರಿ, ತಿರುವನಂತಪುರ ಕಡೆಯ ನೂರಾರು ಮೀನುಗಾರರು ಹಿಂದಿರುಗಲಿಲ್ಲ. ಡಿಸೆಂಬರ್ 1, 2ರಂದು ಗಾಳಿ ಲಕ್ಷದ್ವೀಪದ ಮೇಲೆ ಹಾಯ್ದು, ಮಿನಿಕಾಯ್, ಕಲ್ಪೇನಿಗಳಲ್ಲಿ ತೆಂಗಿನಮರಗಳನ್ನು ಕೆಡವಿ, ದೋಣಿಗಳನ್ನು ಒಡೆದು, ಅನಂತರ ಉತ್ತರಕ್ಕೆ ತಿರುಗಿ ಗುಜರಾತಿನ ಕಡೆಗೆ ಸಾಗುತ್ತ ಬಲಗುಂದಿತು. ಪೂಂದುರ, ವಿಳಿಂಜಂ ಕಡಲತೀರಗಳಲ್ಲಿ ದಿಗಂತವನ್ನು ನೋಡುತ್ತ ಕುಳಿತ ಹೆಂಗಸರ ಚಿತ್ರಗಳು ಆ ವಾರವಿಡೀ ಟಿ.ವಿ.ಯಲ್ಲಿ ಬಂದವು. ನಮ್ಮೂರಿನಲ್ಲಿ ಮೋಡ ಕವಿದು ತುಂತುರು ಬಿತ್ತು. ಕೊಯ್ದ ರಾಗಿ ನೆನೆದೀತೆಂದು ಜನ ಮೆದೆಗೆ ಟಾರ್ಪಾಲು ಹೊದಿಸಿದರು. ಓಖಿಯಿಂದ ನಮಗಾದ ತೊಂದರೆ ಅಷ್ಟೇ.

ಡಿಸೆಂಬರ್ 10ರ ಭಾನುವಾರ ಮಧುಗಿರಿಯ ನಮ್ಮ ಮನೆಯಲ್ಲಿ ಎಲ್ಲರೂ ಸೇರಿದೆವು. ನಮ್ಮ ಟಿಕೆಟ್ ರದ್ದಾಗಿರಲಿಲ್ಲ. ಹೊರಡಲು ಎರಡು ವಾರವಿತ್ತು. ಹೋಗುವುದೋ ಬಿಡುವುದೋ ನಾವೇ ತೀರ್ಮಾನಿಸಬೇಕಿತ್ತು.

ಮಗನ ವಾದ ಸರಳವಾಗಿತ್ತು. ಗಾಳಿ ದಾಟಿ ಹೋಗಿದೆ, ಕಡಲು ಶಾಂತವಾಗಿದೆ, ರಜೆ ಮಂಜೂರಾಗಿದೆ, ಹಣ ಕಟ್ಟಿಯಾಗಿದೆ. ಎಲ್ಲಕ್ಕಿಂತ ಮಿಗಿಲಾಗಿ ಅತ್ತೆಗೆ ವಯಸ್ಸಾಗಿದೆ, ಇನ್ನೊಮ್ಮೆ ಎಂದರೆ ಯಾವಾಗ? ನನ್ನ ಪತ್ನಿಗೆ ಅದು ಒಪ್ಪಿಗೆಯಾಗಲಿಲ್ಲ. ಆ ದಡದಲ್ಲಿ ಗಂಡ, ಮಕ್ಕಳು ಬಂದಾರೆಂದು ಕಾದು ಕುಳಿತವರಿರುವಾಗ, ಅದೇ ನೀರಿನ ಮೇಲೆ ನಾವು ಫೋಟೊ ತೆಗೆಸಿಕೊಳ್ಳುತ್ತ ಹೋಗುವುದೇ ಎಂದಳು. ಸಿರಾದಿಂದ ಬಂದಿದ್ದ ನನ್ನ ಬಾವಮೈದ ವ್ಯಾಪಾರಸ್ಥ; ಅವನು ಹೇಳಿದ್ದೂ ತೆಗೆದುಹಾಕುವ ಮಾತಾಗಿರಲಿಲ್ಲ. ಜಾತ್ರೆಯಲ್ಲಿ ಮಳೆ ಬಂದರೆ ಅಂಗಡಿಯವನಿಗೆ ಎರಡು ಸಲ ನಷ್ಟ: ಒಮ್ಮೆ ಸರಕು ನೆನೆದು, ಇನ್ನೊಮ್ಮೆ ಗಿರಾಕಿ ಬಾರದೆ. ಎಲ್ಲರೂ ಅಯ್ಯೋ ಪಾಪವೆಂದು ಮನೆಯಲ್ಲೇ ಕುಳಿತರೆ ಅಲ್ಲಿನವರ ಹೊಟ್ಟೆ ತುಂಬುತ್ತದೆಯೇ ಎಂದು ಕೇಳಿದ.

ಮೂವರ ಮಾತಿನಲ್ಲೂ ಹುರುಳಿತ್ತು. ಹಾಗಿದ್ದಾಗ ಪ್ರಶ್ನೆಯನ್ನೇ ಬಿಡಿಸಿ ನೋಡಬೇಕೆಂಬುದು ನನ್ನ ಹಳೆಯ ಅಭ್ಯಾಸ. ‘ಹೋಗಬಹುದೇ?’ ಎಂಬ ಒಂದು ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳು ಅಡಗಿವೆಯೆಂದು ನನಗೆ ತೋರಿತು. ನಮಗೆ ಅಪಾಯವಿದೆಯೇ? ನಾವು ಅವರಿಗೆ ಹೊರೆಯಾಗುತ್ತೇವೆಯೇ? ಹೋಗುವುದು ಉಚಿತವೇ?

ಅಪಾಯದ ಪ್ರಶ್ನೆಗೆ ಉತ್ತರ ಸುಲಭ. ಚಂಡಮಾರುತ ದಾಟಿದ ಕೆಲವೇ ದಿನಗಳಲ್ಲಿ ಕಡಲು ಇಳಿಯುತ್ತದೆ. ಬಂದರುಗಳಲ್ಲಿ ಒಂದರಿಂದ ಹನ್ನೊಂದರವರೆಗಿನ ಎಚ್ಚರಿಕೆಯ ಸಂಕೇತಗಳಿವೆ. ದೊಡ್ಡ ಹಡಗಿನ ಕಪ್ತಾನ ಅವುಗಳನ್ನು ನೋಡದೆ ಹೊರಡುವುದಿಲ್ಲ. ಆದರೆ ನಮ್ಮ ವಿಷಯದಲ್ಲಿ ಒಂದು ಸೂಕ್ಷ್ಮವಿತ್ತು. ಹವಳದ ದಿಬ್ಬ ಸುತ್ತುವರಿದ ಆ ದ್ವೀಪಗಳ ಒಳಗಡಲು ಆಳವಿಲ್ಲ. ಹಾಗಾಗಿ ಹಡಗು ದೂರದಲ್ಲೇ ನಿಂತು, ಪ್ರಯಾಣಿಕರು ಅಲ್ಲಿಂದ ಸಣ್ಣ ದೋಣಿಗೆ ಇಳಿದು ದಡ ಸೇರಬೇಕು. ಅಲೆಯ ಏರಿಳಿತದಲ್ಲಿ ಹಡಗಿನಿಂದ ದೋಣಿಗೆ ಕಾಲಿಡುವ ಆ ಒಂದು ಕ್ಷಣವೇ ಎಪ್ಪತ್ತಾರರ ಮುದುಕಿಗೆ ನಿಜವಾದ ಅಪಾಯ. ದಡದ ಕಟ್ಟೆ, ದೋಣಿಗಳು ಗಾಳಿಗೆ ಸಿಕ್ಕಿರುವಾಗ ಅದು ಇನ್ನಷ್ಟು ಹೆಚ್ಚು. ಆದರೂ ಇದು ಕೈಹಿಡಿದು ದಾಟಿಸಬಹುದಾದ ಅಪಾಯವೇ.

ಹೊರೆಯ ಪ್ರಶ್ನೆ ಹಾಗಲ್ಲ. ನಮಗೆ ಹಡಗೆಂದರೆ ವಿಹಾರ. ದ್ವೀಪದವರಿಗೆ ಅದು ನಮ್ಮ ಕೆಂಪು ಬಸ್ಸಿನಂತೆ, ನಮ್ಮ ಆಂಬುಲೆನ್ಸಿನಂತೆ. ಕೊಚ್ಚಿಯ ಆಸ್ಪತ್ರೆಗೆ ಹೋಗುವ ರೋಗಿ, ಕಾಲೇಜಿಗೆ ಹೋಗುವ ಹುಡುಗ, ಅಕ್ಕಿ, ಡೀಸೆಲ್, ಔಷಧ ಎಲ್ಲಕ್ಕೂ ಮುಖ್ಯಭೂಮಿಯೊಂದಿಗೆ ಕೊಂಡಿ ಅದೇ. ಕೊಚ್ಚಿಯಿಂದ ದ್ವೀಪಗಳು 220ರಿಂದ 440 ಕಿಲೋಮೀಟರ್ ದೂರ. ಗಾಳಿ ಹೊಡೆದ ತಿಂಗಳಿನಲ್ಲಿ ಹಡಗಿನ ಆರು ಸ್ಥಳಗಳೆಂದರೆ ಊರಿಗೆ ಮರಳಲು ಕಾದಿರುವ ಆರು ಮಂದಿಯ ಸ್ಥಳವಾಗಬಹುದು. ಇನ್ನು ನೀರು. ಸುತ್ತ ಕಡಲಿದ್ದರೂ ಕುಡಿಯುವ ನೀರಿಗೆ ಅಲ್ಲಿ ಸದಾ ಎಚ್ಚರ. ಹವಳದ ಮರಳಿನಡಿಯಲ್ಲಿ ಮಳೆಯ ಸಿಹಿನೀರು ತೆಳುವಾದ ಪದರವಾಗಿ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಬಾವಿಯಲ್ಲಿ ಸಿಗುವುದು ಅದೇ. ಹೆಚ್ಚು ಸೇದಿದರೆ ಅಥವಾ ಕಡಲು ಉಕ್ಕಿ ಒಳಬಂದರೆ ಅದು ಉಪ್ಪಾಗುತ್ತದೆ. ಅದಕ್ಕೆಂದೇ 2005ರಲ್ಲಿ ಕವರತ್ತಿಯಲ್ಲಿ, ಮುಂದೆ ಮಿನಿಕಾಯ್, ಅಗತ್ತಿಗಳಲ್ಲಿ ಕಡಲನೀರನ್ನು ಸಿಹಿ ಮಾಡುವ ಘಟಕಗಳನ್ನು ಸ್ಥಾಪಿಸಿದ್ದರು.

ನಾನು ಇಷ್ಟನ್ನು ವಿವರಿಸುತ್ತಿದ್ದಾಗ, ಅದುವರೆಗೆ ಸುಮ್ಮನೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದ ಅಕ್ಕ ತಲೆಯೆತ್ತಿದಳು. “ಅಲ್ಲೂ ನೀರಿಗೆ ತೊಂದ್ರೇನಾ?” ಎಂದು ಕೇಳಿದಳು. ಹೌದೆಂದೆ. ಆಮೇಲೆ ಅವಳು ಒಂದು ಹಳೆಯ ಬರಗಾಲದ ಕಥೆ ಹೇಳಿದಳು. ಬಾವಿ ಬತ್ತಿ, ಎರಡು ಮೈಲಿ ದೂರದಿಂದ ತಲೆಯ ಮೇಲೆ ನೀರು ಹೊತ್ತು ತರುತ್ತಿದ್ದ ಬೇಸಿಗೆ. ಆಗ ಕಷ್ಟ ವಿಚಾರಿಸಿಕೊಂಡು ಹೋಗೋಣವೆಂದು ದೂರದ ನೆಂಟರು ಐದಾರು ಮಂದಿ ಬಂದರಂತೆ. ಬಂದವರು ಒಳ್ಳೆಯವರೇ. ಬರಿಗೈಯಲ್ಲಿ ಬಂದಿರಲೂ ಇಲ್ಲ. ಹಣ್ಣು, ಬೆಲ್ಲ ತಂದಿದ್ದರು. ಆದರೆ ಕಾಲು ತೊಳೆಯಲು ನೀರು, ಸ್ನಾನಕ್ಕೆ ನೀರು, ಅಡಿಗೆಗೆ ನೀರು. ಅತ್ತೆಯವರ ಮರ್ಯಾದೆ ಉಳಿಸಲು ಅಕ್ಕ ಆ ದಿನ ನಾಲ್ಕು ಬಾರಿ ಕೊಡ ಹೊತ್ತು ನಡೆದಳಂತೆ. ಆಗ ಅವಳು ಏಳು ತಿಂಗಳ ಬಸುರಿ. ನಮ್ಮ ತಂದೆತಾಯಿಗೂ ಅವಳು ಹೇಳಿರದ ಸಂಗತಿ ಅದು. ನಾನು ಅಂದೇ ಮೊದಲು ಕೇಳಿದ್ದು.

“ನೆಂಟ್ರು ಹೋಗ್ಬೇಕಾದ್ದು ನಿಜ ಕಣೋ. ಹೋಗ್ದಿದ್ರೆ ಅವ್ರಿಗೆ ಬೇಜಾರಾಗುತ್ತೆ. ಆದ್ರೆ ಬಾವೀಲಿ ನೀರು ಬಂದ್ಮೇಲೆ ಹೋಗ್ಬೇಕು” ಎಂದು ಹೇಳಿ ಅಕ್ಕ ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

ಮೂರನೆಯ ಪ್ರಶ್ನೆಗೂ ಅವಳ ಮಾತಿನಲ್ಲೇ ಉತ್ತರವಿತ್ತು. ನಮ್ಮ ಹಳ್ಳಿಗಳಲ್ಲಿ ಸಾವಿನ ಮನೆಯ ರೀತಿಯನ್ನು ನೆನೆಸಿಕೊಳ್ಳಿ. ಸುದ್ದಿ ತಿಳಿದ ಕೂಡಲೆ ಓಡಬೇಕಾದವರು ಹೆಗಲು ಕೊಡುವವರು, ಅಡಿಗೆ ಮಾಡಿ ಕಳುಹಿಸುವ ನೆರೆಯವರು. ಕೈಯಲ್ಲಿ ಕೆಲಸವಿಲ್ಲದವರು ಅಂಗಳದಲ್ಲಿ ಗುಂಪುಗೂಡಿದರೆ ಮನೆಯವರಿಗೆ ಅವರನ್ನು ಉಪಚರಿಸುವುದೂ ಒಂದು ಕೆಲಸ. ಹಾಗೆಂದು ತಿಥಿ ಕಳೆದ ಮೇಲೂ ಆ ಬೀದಿಗೇ ಹೋಗದಿದ್ದರೆ? ಅದೂ ಸಲ್ಲದು. ಸೂತಕ ಕಳೆದ ಮನೆಯ ಬಾಗಿಲಿಗೆ ಹೋಗಿ, ಅವರು ಬಡಿಸಿದ್ದನ್ನು ಉಂಡು, ಹಬ್ಬಕ್ಕೆ ಕರೆದು ಬರಬೇಕು. ಆಗಲೇ ಆ ಮನೆ ಮತ್ತೆ ಊರಿನೊಳಗೆ ಸೇರುವುದು. ನನ್ನ ಪತ್ನಿಯ ಮಾತು ಸೂತಕದ ದಿನಗಳಿಗೆ ಸರಿ; ಬಾವಮೈದನ ಮಾತು ಸೂತಕ ಕಳೆದ ಮೇಲಿನ ದಿನಗಳಿಗೆ ಸರಿ. ಇಬ್ಬರ ನಡುವೆ ಇದ್ದದ್ದು ಭಿನ್ನಾಭಿಪ್ರಾಯವಲ್ಲ, ಕಾಲದ ಅಂತರ.

ಆದರೂ ಅಲ್ಲಿನವರನ್ನು ಕೇಳದೆ ನಾವೇ ತೀರ್ಮಾನಿಸುವುದು ಬೇಡವೆನ್ನಿಸಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆಗ ಕೊಚ್ಚಿಯಲ್ಲಿ ಕೆಲಸದಲ್ಲಿದ್ದ. ಅವನ ಸಹೋದ್ಯೋಗಿಯೊಬ್ಬರು ಕಲ್ಪೇನಿಯವರು. ಅವರ ಮೂಲಕ ವಿಚಾರಿಸಿದಾಗ ಬಂದ ಉತ್ತರ ಹೆಚ್ಚುಕಡಿಮೆ ಅಕ್ಕನದೇ ಆಗಿತ್ತು. ಈಗ ಮನೆಯ ಮಾಡು, ದೋಣಿ ಸರಿಮಾಡಿಕೊಳ್ಳುವುದರಲ್ಲಿ ಎಲ್ಲರೂ ಇದ್ದಾರೆ, ಸ್ವಲ್ಪ ತಡೆದು ಬನ್ನಿ. ಆದರೆ ಬಾರದೆ ಇರಬೇಡಿ, ಎಲ್ಲರೂ ಹೆದರಿ ಬಿಟ್ಟುಬಿಟ್ಟರೆ ಈ ವರ್ಷದ ಸಂಪಾದನೆ ಹೋಗುತ್ತದೆ ಎಂದು ಹೇಳಿದರಂತೆ.

ಹೀಗೆ ನಾವು ಪ್ರವಾಸವನ್ನು ರದ್ದು ಮಾಡಲಿಲ್ಲ. ಮೊಮ್ಮಗನ ಪರೀಕ್ಷೆ ಮುಗಿಯುವ ಹೊತ್ತಿಗೆ, ಅಂದರೆ 2018ರ ಏಪ್ರಿಲ್ ಮೊದಲ ವಾರಕ್ಕೆ ಮುಂದೂಡಿದೆವು. ಸ್ವಲ್ಪ ಹಣ ಕೈಬಿಟ್ಟಿತು. ಮಗ ರಜೆಗಾಗಿ ಮತ್ತೆ ಕೈಮುಗಿಯಬೇಕಾಯಿತು. ಅಕ್ಕ ತನ್ನ ಸ್ವೆಟರನ್ನು ಪೆಟ್ಟಿಗೆಗೆ ಸೇರಿಸಿ, ಏಪ್ರಿಲ್‌ನಲ್ಲಿ ಇದು ಬೇಕಾಗುವುದಿಲ್ಲವೇನೋ ಎಂದು ನಕ್ಕಳು.

ಫೆಬ್ರವರಿಯಲ್ಲಿ ಅವಳು ಕೊಟ್ಟಿಗೆಯ ಮುಂದೆ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯಾದರೂ ಅನಂತರ ಮನೆಯೊಳಗಿನ ಓಡಾಟಕ್ಕೇ ಆಸರೆ ಬೇಕಾಯಿತು. ಈ ಸ್ಥಿತಿಯಲ್ಲಿ ಹಡಗು, ದೋಣಿಗಳ ಮಾತೇ ಇರಲಿಲ್ಲ. ನಾವೂ ಹೋಗುವುದು ಬೇಡವೆಂದುಕೊಂಡೆವು. ಆಗ ಅವಳೇ ಗದರಿಸಿದಳು. ಬರುತ್ತೇವೆಂದು ಹೇಳಿಕಳುಹಿಸಿದ ಮೇಲೆ ಹೋಗದಿರುವುದು ಎಲ್ಲಿಯ ರೀತಿ ಎಂಬುದು ಅವಳ ಪ್ರಶ್ನೆ. ಐದು ಜನ ಹೊರಟೆವು.

ಆ ಐದು ದಿನಗಳ ವರ್ಣನೆಗೆ ಬೇರೆಯೇ ಲೇಖನ ಬೇಕು. ಇಲ್ಲಿ ಎರಡು ನೋಟಗಳನ್ನಷ್ಟೇ ಹೇಳುತ್ತೇನೆ. ಕಲ್ಪೇನಿಯ ಪೂರ್ವ ದಡದುದ್ದಕ್ಕೂ ಹವಳದ ಕಲ್ಲುಗಳ ದೊಡ್ಡ ದಿಬ್ಬವಿದೆ. ಯಾರೂ ಕಟ್ಟಿದ್ದಲ್ಲ, 1847ರ ಮಹಾ ಚಂಡಮಾರುತ ಕಡಲೊಳಗಿಂದ ಎತ್ತಿ ತಂದು ಸುರಿದದ್ದು. ಅದರ ಬಳಿಯೇ ಜನ ಅಷ್ಟು ತಲೆಮಾರು ಬದುಕಿದ್ದಾರೆ, ತೆಂಗು ಬೆಳೆಸಿದ್ದಾರೆ. ಎರಡನೆಯದು ಮಿನಿಕಾಯ್‌ನಲ್ಲಿ ಕಂಡದ್ದು. 1885ರಲ್ಲಿ ಕಟ್ಟಿದ ದೀಪಸ್ತಂಭಕ್ಕೆ ಹೋಗುವ ದಾರಿಯಲ್ಲಿ ಓಖಿಗೆ ಬಿದ್ದ ತೆಂಗಿನ ಬೊಡ್ಡೆಗಳು ಇನ್ನೂ ಅಲ್ಲಲ್ಲಿ ಇದ್ದವು. ಅವುಗಳ ನಡುವೆ ಹೊಸ ಸಸಿ ನೆಟ್ಟಿದ್ದರು. ತೆಂಗಿನ ನಾಡಾದ ತುಮಕೂರು ಜಿಲ್ಲೆಯವನಿಗೆ ಅದರ ಅರ್ಥವನ್ನು ಬೇರೆ ಯಾರೂ ಹೇಳಬೇಕಾಗಿಲ್ಲ. ಸಸಿ ಫಲ ಕೊಡಲು ಆರೇಳು ವರ್ಷ ಬೇಕು. ಅದುವರೆಗೆ ಆ ಮನೆಯವರಿಗೆ ಮೀನು, ಮತ್ತು ನಮ್ಮಂಥ ಅತಿಥಿಗಳು. ನಾವು ಕುಡಿದ ಎಳನೀರಿಗೆ ಕೊಟ್ಟ ಹಣ ಕಡಿಮೆಯೆನ್ನಿಸಿ ಇನ್ನೊಂದಿಷ್ಟು ಕೊಡಹೋದರೆ ಆ ಹಿರಿಯರು ತೆಗೆದುಕೊಳ್ಳಲಿಲ್ಲ.

ಅಲ್ಲಿಂದ ಹವಳ ತರುವಂತಿಲ್ಲ, ತರಲೂ ಬಾರದು. ಮೊಮ್ಮಗ ಒಂದು ಬಾಟಲಿಯಲ್ಲಿ ಕಡಲಿನ ನೀರು ತುಂಬಿಕೊಂಡ. ಊರಿಗೆ ಬಂದ ಮೇಲೆ ಅದನ್ನು ಅಕ್ಕನ ಕೈಗೆ ಕೊಟ್ಟೆವು. ಅವಳು ಒಂದು ಹನಿಯನ್ನು ನಾಲಗೆಗೆ ಮುಟ್ಟಿಸಿಕೊಂಡು ಮುಖ ಕಿವಿಚಿದಳು. “ಇಷ್ಟೊಂದು ಉಪ್ಪು ನೀರಿಂದ ಅಷ್ಟು ಸಿಹಿ ಮಳೆ ಹೆಂಗೆ ಬರುತ್ತೋ ಮೇಷ್ಟ್ರೇ?” ಎಂದಳು. ತಮ್ಮನನ್ನು ಅವಳು ಮೇಷ್ಟ್ರೇ ಎಂದು ಕರೆದದ್ದು ಅದೊಂದೇ ಸಲ. ಸೂರ್ಯನ ಶಾಖಕ್ಕೆ ನೀರು ಆವಿಯಾಗಿ ಮೇಲೇರುತ್ತದೆ, ಉಪ್ಪು ಕೆಳಗೇ ಉಳಿಯುತ್ತದೆ, ನಮ್ಮ ಜಯಮಂಗಲಿ ಉತ್ತರ ಪಿನಾಕಿನಿಯನ್ನು ಸೇರಿ ನೆಲ್ಲೂರಿನಾಚೆ ಮತ್ತೆ ಅದೇ ಕಡಲಿಗೆ ಬೀಳುತ್ತದೆ ಎಂದು ಏಳನೆಯ ತರಗತಿಗೆ ಹೇಳುವಂತೆಯೇ ಹೇಳಿದೆ. ಮನಸ್ಸಿಟ್ಟು ಕೇಳಿದಳು. 2019ರ ಮಳೆಗಾಲದಲ್ಲಿ ಅಕ್ಕ ತೀರಿಕೊಂಡಳು. ಕಡಲನ್ನು ನೋಡಲಿಲ್ಲ.

ಆ ಡಿಸೆಂಬರಿನಲ್ಲೇ ಹೋಗಿದ್ದರೆ ನೋಡುತ್ತಿದ್ದಳಲ್ಲ ಎಂದು ಮಗ ಈಗಲೂ ಒಮ್ಮೊಮ್ಮೆ ಹೇಳುತ್ತಾನೆ. ಅವನ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಆ ತೀರ್ಮಾನ ಸರಿಯಾಗಿಯೇ ಇತ್ತೆಂದು ಅಂದೂ ತಿಳಿದಿದ್ದೆ, ಇಂದೂ ತಿಳಿದಿದ್ದೇನೆ. ಸರಿಯಾದ ತೀರ್ಮಾನಕ್ಕೆ ಬೆಲೆ ಇರುವುದಿಲ್ಲವೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಆ ಬೆಲೆಯನ್ನು ತೆತ್ತವಳು ಅಕ್ಕ. ತಾನೇ ಮುಂದಾಗಿ ತೆತ್ತಳು. ಬಸುರಿಯಾಗಿ ಕೊಡ ಹೊತ್ತವಳಿಗೆ ಯಾರದೋ ಮನೆಯ ಕೊಡ ಕಣ್ಣಿಗೆ ಕಟ್ಟಿತ್ತು.

ಆಮೇಲೆ ಇಂಥ ಸಂದರ್ಭಗಳು ನಮ್ಮ ನಾಡಿನಲ್ಲೇ ಬಂದವು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ ಕೆಲವು ವಾರ ಪ್ರವಾಸಿಗಳಿಗೆ ನಿರ್ಬಂಧ ಹೇರಿದರು. ಅದು ಸೂತಕದ ದಿನ, ಸರಿಯಾಗಿಯೇ ಇತ್ತು. ನಿರ್ಬಂಧ ತೆಗೆದ ಮೇಲೂ ಜನ ಹೋಗದಿದ್ದಾಗ ಹೋಂಸ್ಟೇಯವರು, ಟ್ಯಾಕ್ಸಿಯವರು ಕಂಗೆಟ್ಟರು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳು ಕೊಚ್ಚಿಹೋದಾಗ ನೋಡಲೆಂದೇ ಬರಬೇಡಿರೆಂದು ಪೊಲೀಸರು ಕೈಮುಗಿದು ಕೇಳಬೇಕಾಯಿತು. ಕೆಲವೇ ತಿಂಗಳಲ್ಲಿ ಬನ್ನಿ, ಇಡೀ ವಯನಾಡು ಕೊಚ್ಚಿಹೋಗಿಲ್ಲವೆಂದು ಅದೇ ಜಿಲ್ಲೆಯವರು ಕರೆಯಬೇಕಾಯಿತು. ಮೊದಲ ವಾರ ನುಗ್ಗುವುದು, ಆಮೇಲೆ ಮರೆತುಬಿಡುವುದು ನಮ್ಮ ಕಾಲದ ರೋಗವಾಗಿದೆ. ಮಾಡಬೇಕಾದದ್ದು ಅದಕ್ಕೆ ತದ್ವಿರುದ್ಧ.

ಆದ್ದರಿಂದ ಕೇಳಿದವರಿಗೆ ನಾನು ಹೇಳುವುದಿಷ್ಟು. ಗಾಳಿ ಬಡಿದ ಊರಿಗೆ ಪ್ರವಾಸ ಗೊತ್ತಾಗಿದ್ದರೆ ಮೊದಲು ಅಲ್ಲಿನವರೊಬ್ಬರನ್ನು ಕೇಳಿ. ಟಿಕೆಟ್ ಮಾರುವವರನ್ನಲ್ಲ, ಅಲ್ಲಿ ಮನೆಯಿರುವವರನ್ನು. ನೀವು ಕುಳಿತುಕೊಳ್ಳುವ ಸ್ಥಳ, ಕುಡಿಯುವ ನೀರು, ಮಲಗುವ ಹಾಸಿಗೆ ಈಗ ಯಾರಿಗಾದರೂ ಹೆಚ್ಚು ಅಗತ್ಯವೇ ಎಂದು ವಿಚಾರಿಸಿ. ಅಗತ್ಯವೆಂದಾದರೆ ಕೈಲಾದಷ್ಟು ಹಣ ಕಳುಹಿಸಿ, ನೀವು ನಿಲ್ಲಿ. ಆದರೆ ಆಮೇಲೆ ನೋಡೋಣವೆಂದು ಬಿಡಬೇಡಿ, ಅದು ರದ್ದು ಮಾಡುವುದರ ಇನ್ನೊಂದು ಹೆಸರು. ದಿನಾಂಕ ಗೊತ್ತುಮಾಡಿ ಮುಂದೂಡಿ, ಆ ದಿನಾಂಕಕ್ಕೆ ತಪ್ಪದೆ ಹೋಗಿ. ಮನೆಯಲ್ಲಿ ವಯಸ್ಸಾದವರಿದ್ದರೆ ಅದು ಆದಷ್ಟು ಹತ್ತಿರದ ದಿನಾಂಕವಾಗಿರಲಿ.